ಪ್ಲಾಸ್ಮಾ ಕೊಟ್ಟರೆ ಕುದುರೆ ಮರಿಗೆ ನ್ಯುಮೋನಿಯಾ ಬರಲ್ವಾ?

ಪ್ರಶ್ನೆ: ಕಳೆದ ವರ್ಷ ನಮ್ಮ ಫಾರಂನಲ್ಲಿ 12 ಕುದುರೆ ಮರಿ ಹುಟ್ಟಿದವು. ಎಲ್ಲವೂ ಗಟ್ಟಿಮುಟ್ಟಾಗಿದ್ದವು, ಗಿಣ್ಣು ಹಾಲೂ ಚೆನ್ನಾಗಿ ಕುಡಿದಿದ್ದವು. ಆದರೆ ಒಂದೂವರೆ, ಎರಡು ತಿಂಗಳಾಗುವಷ್ಟರಲ್ಲಿ ನಾಲ್ಕಕ್ಕೆ ನ್ಯುಮೋನಿಯಾ ಬಂತು. ಮೂರು ಬದುಕಿದವು, ಒಂದು ಸತ್ತಿತು. ರೋಡೊಕಾಕಸ್ ಈಕ್ವೈ ಅನ್ನೋ ಬ್ಯಾಕ್ಟೀರಿಯಾ ಅಂತ ಲ್ಯಾಬ್‌ನಲ್ಲಿ ಗೊತ್ತಾಯಿತು. ಈ ಸಲ 14 ಕುದುರೆ ಗಬ್ಬವಾಗಿವೆ. ಮರಿ ಹುಟ್ಟಿದ ಕೂಡಲೇ ಪ್ಲಾಸ್ಮಾ ಹಾಕಿಸಿ ಅಂತ ಒಬ್ಬ ಡಾಕ್ಟರು ಹೇಳುತ್ತಾರೆ. ಅದು ದುಡ್ಡು ದಂಡ, ಎಲ್ಲ ಮರಿಗೂ ಮೊದಲೇ ಆಂಟಿಬಯೋಟಿಕ್ ಕೊಟ್ಟುಬಿಡಿ ಅಂತ ಇನ್ನೊಬ್ಬರು ಹೇಳುತ್ತಾರೆ. ತಾಯಿಯ ಗಿಣ್ಣು ಕುಡಿದ ಮರಿಗೆ ಬೇರೆ ಕುದುರೆಯ ಪ್ಲಾಸ್ಮಾ ಯಾಕೆ ಬೇಕು? ನಮ್ಮದೇ ಹಳೆಯ ಕುದುರೆಯ ರಕ್ತದಿಂದ ಮಾಡಿಕೊಳ್ಳಬಹುದಾ? ಕೊಟ್ಟರೆ ಕಾಯಿಲೆ ಬರಲ್ಲ ಅನ್ನೋ ಗ್ಯಾರಂಟಿ ಇದೆಯಾ? ಕೊನೆಯದಾಗಿ, ಬದುಕಿದ ಆ ಮೂರು ಮರಿ ಮುಂದೆ ರೇಸ್‌ಗೆ ಆಗುತ್ತವಾ?

ಉತ್ತರ: ಗ್ಯಾರಂಟಿ ಇಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ನಿಮ್ಮ ಜಾಗದಲ್ಲಿ ನಾನಿದ್ದರೆ ಈ ವರ್ಷ ಪ್ಲಾಸ್ಮಾ ಕೊಡಿಸುತ್ತಿದ್ದೆ. ಎರಡೂ ಮಾತು ಒಟ್ಟಿಗೆ ಹೇಗೆ ನಿಜ ಅನ್ನೋದು ಅರ್ಥವಾಗಬೇಕಾದರೆ ಈ ಬ್ಯಾಕ್ಟೀರಿಯಾದ ಸ್ವಭಾವ ಸ್ವಲ್ಪ ಗೊತ್ತಿರಬೇಕು.

ನಿಮ್ಮ ಪತ್ರ ಓದಿದಾಗ ಒಂದು ತಪ್ಪಿತಸ್ಥ ಭಾವನೆ ಕಂಡಿತು. ಎಲ್ಲ ಸರಿಯಾಗಿ ಮಾಡಿದ್ದೆವು, ಎಲ್ಲಿ ತಪ್ಪಿದೆವು ಅಂತ. ಇದು ಕೊಳಕು ಲಾಯದ ಕಾಯಿಲೆ ಅಲ್ಲ. ಚೊಕ್ಕವಾಗಿ ನಡೆಯುವ, ಜಾಸ್ತಿ ಮರಿ ಹುಟ್ಟುವ ಫಾರಂಗಳಲ್ಲೇ ಇದು ಹೆಚ್ಚು ಕಾಡುತ್ತದೆ. ಈ ಬ್ಯಾಕ್ಟೀರಿಯಾ ಇರುವುದು ಮಣ್ಣಿನಲ್ಲಿ. ಕುದುರೆಯ ಲದ್ದಿ ಬಿದ್ದ ಮಣ್ಣಿನಲ್ಲಿ, ಬಿಸಿಲಿನ ದಿನಗಳಲ್ಲಿ ಚೆನ್ನಾಗಿ ಬೆಳೆಯುತ್ತದೆ. ದೊಡ್ಡ ಕುದುರೆಗಳ ಹೊಟ್ಟೆಯಲ್ಲೂ ಇರುತ್ತದೆ, ಅವುಗಳಿಗೆ ಏನೂ ಆಗುವುದಿಲ್ಲ. ಮಣ್ಣು ಒಣಗಿ ಧೂಳೆದ್ದಾಗ ಮರಿ ಅದನ್ನು ಉಸಿರಾಡುತ್ತದೆ. ಸೋಂಕು ಬಹುಪಾಲು ಹುಟ್ಟಿದ ಮೊದಲ ದಿನಗಳಲ್ಲೇ ತಗಲುತ್ತದೆ. ನೀವು ಕೆಮ್ಮು ಕೇಳಿಸಿಕೊಳ್ಳುವುದು ಮಾತ್ರ ಐದಾರು ವಾರ ಆದಮೇಲೆ.

ಈ ನಡುವಿನ ಮೌನವೇ ಜನರನ್ನು ದಾರಿ ತಪ್ಪಿಸುವುದು. ಮೊನ್ನೆ ಮಳೆಯಲ್ಲಿ ನೆನೆಯಿತು, ಅದಕ್ಕೆ ಬಂತು ಅಂತಾರೆ. ತಾಯಿಯ ಹಾಲು ಕೆಟ್ಟಿತ್ತು ಅಂತಾರೆ. ಪಕ್ಕದ ಮರಿಯಿಂದ ಅಂಟಿತು ಅಂತಾರೆ. ಮಳೆಗೂ ಇದಕ್ಕೂ ಸಂಬಂಧವಿಲ್ಲ. ಹಾಲಿನಿಂದ ಬರುವುದೂ ಅಲ್ಲ. ಪಕ್ಕದ ಮರಿಯ ಮಾತಲ್ಲಿ ಮಾತ್ರ ಅರ್ಧ ಸತ್ಯ ಇದೆ. ಕಾಯಿಲೆ ಮರಿ ಕೆಮ್ಮಿದ ಕಫವನ್ನು ತಾನೇ ನುಂಗುತ್ತದೆ, ಅದರ ಲದ್ದಿಯಲ್ಲಿ ಬ್ಯಾಕ್ಟೀರಿಯಾ ರಾಶಿ ರಾಶಿ ಹೊರಬೀಳುತ್ತದೆ. ಹೀಗೆ ಈ ವರ್ಷದ ಕಾಯಿಲೆ ಮುಂದಿನ ವರ್ಷಕ್ಕೆ ಮಣ್ಣಿನಲ್ಲಿ ಬಿತ್ತನೆಯಾಗುತ್ತದೆ.

ಈಗ ನಿಮ್ಮ ಗಿಣ್ಣು ಹಾಲಿನ ಪ್ರಶ್ನೆ. ಪತ್ರದಲ್ಲಿ ನನಗೆ ಬಹಳ ಇಷ್ಟವಾದ ಪ್ರಶ್ನೆ ಇದೇ.

ಮನುಷ್ಯರ ಮಗುವಿಗೆ ಹೊಟ್ಟೆಯಲ್ಲಿರುವಾಗಲೇ ತಾಯಿಯಿಂದ ಪ್ರತಿಕಾಯಗಳು, ಅಂದರೆ ರೋಗಾಣುಗಳನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನ್‌ಗಳು, ಬಂದಿರುತ್ತವೆ. ಕುದುರೆಯಲ್ಲಿ ಹಾಗಿಲ್ಲ. ಅದರ ಮಾಸು ಪ್ರತಿಕಾಯಗಳನ್ನು ಮರಿಯ ಕಡೆಗೆ ಬಿಡುವುದಿಲ್ಲ. ಹಾಗಾಗಿ ಮರಿ ಹುಟ್ಟುವಾಗ ಹೆಚ್ಚುಕಡಿಮೆ ಬರಿಗೈಯಲ್ಲಿ ಹುಟ್ಟುತ್ತದೆ. ಗಿಣ್ಣು ಕುಡಿದ ಮೇಲೆಯೇ ಅದಕ್ಕೆ ರಕ್ಷಣೆ ಸಿಗುವುದು. ಅದಕ್ಕೂ ಸಮಯ ಕಡಿಮೆ. ಮೊದಲ 12 ಗಂಟೆಯಲ್ಲಿ ಕರುಳು ಚೆನ್ನಾಗಿ ಹೀರಿಕೊಳ್ಳುತ್ತದೆ, 24 ಗಂಟೆಯ ಹೊತ್ತಿಗೆ ಆ ಬಾಗಿಲು ಮುಚ್ಚಿಹೋಗುತ್ತದೆ. ಮರಿಯ ರಕ್ತದಲ್ಲಿ ಐಜಿಜಿ (ರಕ್ತದಲ್ಲಿರುವ ಮುಖ್ಯ ಬಗೆಯ ಪ್ರತಿಕಾಯ) ಪ್ರಮಾಣ ಡೆಸಿಲೀಟರ್‌ಗೆ 800 ಮಿಲಿಗ್ರಾಂ ಮೇಲಿದ್ದರೆ ಗಿಣ್ಣು ಕೆಲಸ ಮಾಡಿದೆ ಅಂತ ಅರ್ಥ. 400ಕ್ಕಿಂತ ಕಡಿಮೆ ಇದ್ದರೆ ಸಿಕ್ಕೇ ಇಲ್ಲ ಅಂತ ಲೆಕ್ಕ.

ಆದರೆ 800 ಅನ್ನೋದು ಒಟ್ಟು ಪ್ರತಿಕಾಯಗಳ ಲೆಕ್ಕ. ಅದರಲ್ಲಿ ರೋಡೊಕಾಕಸ್ ವಿರುದ್ಧದ್ದು ಎಷ್ಟಿದೆ ಅಂತ ಅದು ಹೇಳುವುದಿಲ್ಲ. ಬಡಾವಣೆಗೆ ನೂರು ಜನ ಕಾವಲುಗಾರರಿದ್ದಾರೆ, ಆದರೆ ಈ ಕಳ್ಳನ ಮುಖ ಗೊತ್ತಿರುವವರು ಇಬ್ಬರೋ ಮೂವರೋ. ನಿಮ್ಮ ಮರಿಗಳು ಗಿಣ್ಣು ಚೆನ್ನಾಗಿ ಕುಡಿದೂ ಕಾಯಿಲೆ ಬಿದ್ದದ್ದು ಹೀಗೆ. ತಾಯಿ ಕುದುರೆಗೆ ಗಬ್ಬದಲ್ಲಿ ಲಸಿಕೆ ಹಾಕಿ ಗಿಣ್ಣನ್ನೇ ಬಲಪಡಿಸುವ ಪ್ರಯತ್ನಗಳು ನಡೆದಿವೆ. ಇವತ್ತಿನವರೆಗೂ ಭರವಸೆ ಇಟ್ಟು ಬಳಸಬಹುದಾದ ಫಲ ಅದರಿಂದ ಸಿಕ್ಕಿಲ್ಲ.

ನೀವು ಕೇಳಿದ ಪ್ಲಾಸ್ಮಾ ಇಲ್ಲಿ ಬರುತ್ತದೆ. ದಾನಿ ಕುದುರೆಗಳಿಗೆ ಈ ಬ್ಯಾಕ್ಟೀರಿಯಾದ ವಿರುದ್ಧ ಮತ್ತೆ ಮತ್ತೆ ಲಸಿಕೆ ಹಾಕಿ, ಅವುಗಳ ರಕ್ತದಲ್ಲಿ ಪ್ರತಿಕಾಯ ಏರಿದಾಗ ರಕ್ತ ತೆಗೆದು, ಕೆಂಪು ಕಣಗಳನ್ನು ಬೇರೆ ಮಾಡಿ, ಉಳಿದ ಹಳದಿ ದ್ರವವನ್ನು ಹೆಪ್ಪುಗಟ್ಟಿಸಿ ಇಡುತ್ತಾರೆ. ಮರಿಗೆ ಕೊಡುವುದು ಬಾಯಿಗೆ ಅಲ್ಲ, ಕುತ್ತಿಗೆಯ ರಕ್ತನಾಳಕ್ಕೆ. ಇದು ಲಸಿಕೆ ಅಲ್ಲ. ಲಸಿಕೆ ಮರಿಗೆ ಕಲಿಸುತ್ತದೆ, ಪ್ಲಾಸ್ಮಾ ಸಾಲ ಕೊಡುತ್ತದೆ. ಸಾಲದ ಪ್ರತಿಕಾಯ ಮೂರು ನಾಲ್ಕು ವಾರಕ್ಕೆ ಅರ್ಧಕ್ಕೆ ಇಳಿಯುತ್ತದೆ.

ಸ್ವಲ್ಪ ತಿಳಿದವರು ಇಲ್ಲೊಂದು ತಕರಾರು ತೆಗೆಯುತ್ತಾರೆ. ಈ ಬ್ಯಾಕ್ಟೀರಿಯಾ ಕೋಶದ ಒಳಗೆ ಕೂತು ಬೆಳೆಯುತ್ತದೆ, ಪ್ರತಿಕಾಯ ಇರುವುದು ಹೊರಗೆ, ಹಾಗಾದರೆ ಅದು ಏನು ಮಾಡೀತು? ತಕರಾರು ಸರಿಯಾಗೇ ಇದೆ. ಶ್ವಾಸಕೋಶದಲ್ಲಿ ಮ್ಯಾಕ್ರೋಫೇಜ್ ಅನ್ನೋ ಕಾವಲು ಕೋಶಗಳಿವೆ. ಒಳಬಂದ ಕಸವನ್ನೆಲ್ಲ ನುಂಗಿ ಅರಗಿಸುವುದು ಅವುಗಳ ಕೆಲಸ. ರೋಡೊಕಾಕಸ್‌ಗೆ ವ್ಯಾಪ್-ಎ ಅನ್ನೋ ಒಂದು ಪ್ರೋಟೀನ್ ಇದೆ. ಅದು ಇರುವ ತಳಿ ನುಂಗಿಸಿಕೊಂಡರೂ ಅರಗುವುದಿಲ್ಲ. ಕಾವಲುಗಾರನ ಹೊಟ್ಟೆಯಲ್ಲೇ ಸಂಸಾರ ಹೂಡುತ್ತದೆ. ಕೊನೆಗೆ ಕೋಶ ಒಡೆದು, ಸುತ್ತ ಕೀವು ಕಟ್ಟಿ, ಶ್ವಾಸಕೋಶದಲ್ಲಿ ಗಡ್ಡೆ ಗಡ್ಡೆಯಾಗುತ್ತದೆ. ದೊಡ್ಡ ಕುದುರೆಯ ಕೋಶಗಳು ಇದನ್ನು ಕೊಲ್ಲುತ್ತವೆ. ಎಳೆ ಮರಿಯಲ್ಲಿ ಆ ಕೋಶಗಳಿಗೆ ಬೇಕಾದ ಪ್ರಚೋದನೆ ಇನ್ನೂ ಸಾಲದು. ಆದರೆ ಬ್ಯಾಕ್ಟೀರಿಯಾದ ಮೈಗೆ ಮೊದಲೇ ಪ್ರತಿಕಾಯ ಅಂಟಿಕೊಂಡಿದ್ದರೆ ಕೋಶ ಅದನ್ನು ಬೇರೆ ಬಾಗಿಲಿನಿಂದ ಒಳಗೆ ಎಳೆದುಕೊಳ್ಳುತ್ತದೆ. ಆ ದಾರಿಯಲ್ಲಿ ಹೋದದ್ದು ಅರಗುವ ಸಾಧ್ಯತೆ ಜಾಸ್ತಿ. ಅಂದರೆ ನುಂಗುವ ಮೊದಲೇ ಗುರುತು ಹಾಕಿರಬೇಕು. ಕೋಶದ ಒಳಗೆ ಸೇರಿಕೊಂಡ ಮೇಲೆ ಪ್ಲಾಸ್ಮಾಕ್ಕೆ ಅಲ್ಲಿಗೆ ದಾರಿ ಇಲ್ಲ. ಕೆಮ್ಮುತ್ತಿರುವ ಎರಡು ತಿಂಗಳ ಮರಿಗೆ ಪ್ಲಾಸ್ಮಾ ಹಾಕಿ ಅಂತ ಫೋನ್ ಮಾಡುತ್ತಾರಲ್ಲ, ಅವರಿಗೆ ನಾನು ಇಷ್ಟನ್ನೇ ಹೇಳುವುದು.

ಇದು ನಿಜಕ್ಕೂ ಕೆಲಸ ಮಾಡುತ್ತದಾ? 1989ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮರಿಗಳಿಗೆ ಮೊದಲು ಪ್ಲಾಸ್ಮಾ ಕೊಟ್ಟು ಆಮೇಲೆ ಬ್ಯಾಕ್ಟೀರಿಯಾ ಸೋಕಿಸಿದ್ದರು. ರಕ್ಷಣೆ ಸಿಕ್ಕಿದ್ದು ಸ್ಪಷ್ಟವಾಗಿತ್ತು. ನಂತರದ ಇಂಥ ಪ್ರಯೋಗಗಳಲ್ಲೂ ಕಾಯಿಲೆಯ ತೀವ್ರತೆ ತಗ್ಗಿದ್ದು ಕಂಡಿದೆ. ಆದರೆ ಫಾರಂನ ಮಣ್ಣಿನಲ್ಲಿ, ತಾನಾಗಿ ಬರುವ ಕಾಯಿಲೆಯ ಮೇಲೆ ನೋಡಿದಾಗ ಫಲ ಒಂದೇ ಥರ ಇಲ್ಲ. 2002ರಲ್ಲಿ 165 ಮರಿಗಳ ಒಂದು ಅಧ್ಯಯನ ಬಂತು. ಪ್ಲಾಸ್ಮಾ ಪಡೆಯದ ಮರಿಗಳಲ್ಲಿ ಶೇ 30ಕ್ಕೆ ನ್ಯುಮೋನಿಯಾ ಬಂತು, ಪಡೆದವುಗಳಲ್ಲಿ ಶೇ 19ಕ್ಕೆ. ನೋಡಲು ಒಳ್ಳೆ ವ್ಯತ್ಯಾಸ, ಅಲ್ವಾ? ಆದರೆ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಅದು ಸುಮ್ನೆ ಆಕಸ್ಮಿಕವಾಗಿಯೂ ಬಂದಿರಬಹುದಾದಷ್ಟೇ ವ್ಯತ್ಯಾಸ. ನಿಮ್ಮ ಇಬ್ಬರು ಡಾಕ್ಟರರ ಜಗಳ ಇರುವುದು ಬಹುಶಃ ಇಲ್ಲೇ. ಒಬ್ಬರು 30 ಮತ್ತು 19 ನೋಡುತ್ತಾರೆ, ಇನ್ನೊಬ್ಬರು ಅದರ ಕೆಳಗಿನ ಸಾಲು ಓದುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ನನ್ನ ಅನುಭವ ಹೇಳಬೇಕೆಂದರೆ, ಪ್ಲಾಸ್ಮಾ ಕೊಟ್ಟ ಫಾರಂಗಳಲ್ಲೂ ಕಾಯಿಲೆ ಬಂದಿದೆ. ಆದರೆ ಬಂದ ಮರಿಗಳಲ್ಲಿ ಗಡ್ಡೆಗಳು ಚಿಕ್ಕವು, ಚಿಕಿತ್ಸೆಗೆ ಬೇಗ ಬಗ್ಗಿದವು. ಇದು ಒಬ್ಬ ವೈದ್ಯನ ನೆನಪು, ಪುರಾವೆ ಅಲ್ಲ. ವರ್ಷಕ್ಕೆ ಒಂದೋ ಎರಡೋ ಮರಿ ಹುಟ್ಟುವ, ಎಂದೂ ಈ ಕಾಯಿಲೆ ಕಾಣದ ಜಾಗದಲ್ಲಿ ನಾನು ಪ್ಲಾಸ್ಮಾ ಮಾತೇ ಎತ್ತುವುದಿಲ್ಲ. ನಿಮ್ಮಲ್ಲಿ ಹನ್ನೆರಡಕ್ಕೆ ನಾಲ್ಕು ಬಿದ್ದಿವೆ, ಒಂದು ಸತ್ತಿದೆ, ಈ ವರ್ಷ ಮರಿಗಳೂ ಜಾಸ್ತಿ. ಲೆಕ್ಕ ಬೇರೆ.

ಕೊಡುವುದಾದರೆ ಸರಿಯಾಗಿ ಕೊಡಬೇಕು. ಮರಿ ಹುಟ್ಟಿದ ಮೊದಲ ಒಂದೆರಡು ದಿನದಲ್ಲೇ ಆಗಬೇಕು. 50 ಕಿಲೋ ತೂಕದ ಮರಿಗೆ ಕಡಿಮೆಯೆಂದರೆ 1 ಲೀಟರ್. ಈಚೆಗೆ 2 ಲೀಟರ್ ಕೊಡುವವರು ಹೆಚ್ಚುತ್ತಿದ್ದಾರೆ, ನನ್ನ ಒಲವೂ ಆ ಕಡೆಗೇ. ಮೂರು ನಾಲ್ಕು ವಾರಕ್ಕೆ ಇನ್ನೊಂದು ಸಲ ಕೊಡುವ ಪದ್ಧತಿಯೂ ಇದೆ. ಆದರೆ ಸೋಂಕು ಮೊದಲ ದಿನಗಳಲ್ಲೇ ತಗಲುವುದರಿಂದ, ಎರಡು ಲೀಟರಿಗೆ ಮಾತ್ರ ಅನುಕೂಲ ಇದ್ದರೆ ಎರಡನ್ನೂ ಮೊದಲಿಗೇ ಕೊಡಿ ಅನ್ನುತ್ತೇನೆ. ಒಂದು ಮಾತು ಮರೆಯಬೇಡಿ. ಐಜಿಜಿ ಪರೀಕ್ಷೆಗೆ ರಕ್ತ ತೆಗೆಯುವುದು ಪ್ಲಾಸ್ಮಾ ಹಾಕುವುದಕ್ಕೆ ಮೊದಲು. ಹಾಕಿದ ಮೇಲೆ ತೆಗೆದರೆ ಗಿಣ್ಣು ಎಷ್ಟು ಇಳಿದಿದೆ ಅನ್ನೋದು ಗೊತ್ತಾಗುವುದಿಲ್ಲ.

ಕರಗಿಸುವ ವಿಷಯದಲ್ಲಿ ನಾನೇ ಒಮ್ಮೆ ಪೆಟ್ಟು ತಿಂದವನು. ಕೆಲಸಕ್ಕೆ ಸೇರಿದ ಹೊಸತು. ರಾತ್ರಿ ಎರಡು ಗಂಟೆ, ಚಳಿ, ಬೇಗ ಮುಗಿಸಿ ಮಲಗುವ ಆತುರ. ಕೈಗೆ ಚುರುಕ್ ಅನ್ನುವಷ್ಟು ಬಿಸಿ ನೀರಿನ ಬಕೆಟ್‌ಗೆ ಚೀಲ ಇಳಿಬಿಟ್ಟೆ. ಹತ್ತು ನಿಮಿಷ ಬಿಟ್ಟು ಎತ್ತಿ ನೋಡಿದರೆ ಅಂಚಿನಲ್ಲೆಲ್ಲ ಮೊಟ್ಟೆಯ ಬಿಳಿ ಬೆಂದ ಹಾಗೆ ಎಳೆ ಎಳೆ. ಪ್ರತಿಕಾಯ ಅಂದರೆ ಪ್ರೋಟೀನ್ ತಾನೇ, ಬೇಯಿಸಿದರೆ ಬೇಯುತ್ತದೆ. ಆ ಚೀಲ ಕಸದ ಬುಟ್ಟಿಗೆ ಹೋಯಿತು. ಅಂದಿನಿಂದ ಬಕೆಟ್ ಪಕ್ಕ ಥರ್ಮಾಮೀಟರ್ ಇಟ್ಟುಕೊಳ್ಳುತ್ತೇನೆ. ನೀರು 37 ಡಿಗ್ರಿ ಆಸುಪಾಸು ಇರಬೇಕು, 40 ದಾಟಬಾರದು. ಮೈಕ್ರೋವೇವ್ ಬೇಡವೇ ಬೇಡ. ಕರಗಿದ್ದನ್ನು ಮತ್ತೆ ಫ್ರೀಜರ್‌ಗೆ ಹಾಕುವುದೂ ಬೇಡ.

ಮರಿಗೆ ಹಾಕುವಾಗ ಮೊದಲ ಹತ್ತು ಹದಿನೈದು ನಿಮಿಷ ಹನಿ ಹನಿಯಾಗಿ ಬಿಡಬೇಕು, ಅದೂ ಫಿಲ್ಟರ್ ಇರುವ ಸೆಟ್‌ನಲ್ಲಿ. ಆ ಹೊತ್ತಿನಲ್ಲಿ ನಾನು ಮರಿಯ ಎದೆಯಿಂದ ಸ್ಟೆತಾಸ್ಕೋಪ್ ತೆಗೆಯುವುದಿಲ್ಲ. ಮೈ ನಡುಕ, ರೋಮ ನಿಮಿರುವುದು, ಎದೆಬಡಿತ ಓಡುವುದು, ಉಸಿರು ಏರುವುದು, ಚರ್ಮದ ಮೇಲೆ ದದ್ದು: ಇದರಲ್ಲಿ ಯಾವುದು ಕಂಡರೂ ತಕ್ಷಣ ನಿಲ್ಲಿಸಬೇಕು. ಹೆಚ್ಚಿನ ಸಲ ಸ್ವಲ್ಪ ಹೊತ್ತು ಬಿಟ್ಟು ನಿಧಾನವಾಗಿ ಮತ್ತೆ ಶುರು ಮಾಡಿದರೆ ಸರಿಹೋಗುತ್ತದೆ. ಅಪರೂಪಕ್ಕೆ ಅಲರ್ಜಿ ಜೋರಾಗಿ ಮರಿ ಕುಸಿಯಬಹುದು, ಆಗ ಎಪಿನೆಫ್ರಿನ್ ಅನ್ನೋ ತುರ್ತು ಇಂಜೆಕ್ಷನ್ ಕೈಗೆ ಸಿಗುವಲ್ಲಿ ಇರಬೇಕು. ಹುಡುಕಲು ಗಾಡಿಗೆ ಓಡುವ ಹಾಗಿರಬಾರದು. ಏನೂ ಆಗದಿದ್ದರೆ ವೇಗ ಹೆಚ್ಚಿಸಿ ಒಂದು ಲೀಟರನ್ನು ಒಂದು ಗಂಟೆಯ ಒಳಗೆ ಮುಗಿಸಬಹುದು. ಎರಡು ಲೀಟರ್ ಆದರೆ ಅವಸರ ಬೇಡ, ರಕ್ತನಾಳದಲ್ಲಿ ದ್ರವ ಜಾಸ್ತಿಯಾಗಿ ಉಸಿರಿಗೆ ಕಷ್ಟವಾದೀತು. ತಾಯಿ ಕುದುರೆ ಮರಿಯನ್ನು ನೋಡುವ ಹಾಗೆ ಪಕ್ಕದಲ್ಲೇ ನಿಲ್ಲಿಸಿ. ಮರಿ ಕಾಣದಿದ್ದರೆ ಅದು ಗಾಬರಿಯಾಗಿ ಲಾಯವನ್ನೇ ಒದ್ದು ಬೀಳಿಸುತ್ತದೆ.

ನಿಮ್ಮ ಹಳೆಯ ಕುದುರೆಯ ರಕ್ತದಿಂದ ಮಾಡಿಕೊಳ್ಳುವ ಯೋಚನೆ ಬಿಡಿ. ದಾನಿ ಕುದುರೆಯ ಪ್ಲಾಸ್ಮಾದಲ್ಲಿ ಮರಿಯ ಕೆಂಪು ರಕ್ತಕಣಗಳನ್ನು ಒಡೆಯುವ ಪ್ರತಿಕಾಯಗಳು ಇರಬಾರದು. ಅದಕ್ಕೆ ರಕ್ತದ ಗುಂಪು ನೋಡಿ ಆರಿಸುತ್ತಾರೆ. ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆ, ಪೈರೋಪ್ಲಾಸ್ಮೋಸಿಸ್, ಗ್ಲ್ಯಾಂಡರ್ಸ್, ಯಕೃತ್ತಿಗೆ ಬರುವ ಪಾರ್ವೋವೈರಸ್ ಇಲ್ಲ ಅಂತ ಪರೀಕ್ಷೆ ಆಗಿರಬೇಕು. ಇಷ್ಟೆಲ್ಲ ಮಾಡಿದರೂ ನಿಮ್ಮ ಕುದುರೆಗೆ ಈ ಬ್ಯಾಕ್ಟೀರಿಯಾದ ಲಸಿಕೆ ಆಗಿಲ್ಲವಾದ್ದರಿಂದ ಅದರ ಪ್ಲಾಸ್ಮಾ ಬರೀ ಸಾಧಾರಣ ಪ್ಲಾಸ್ಮಾ. ಕೊಂಡುಕೊಳ್ಳುವಾಗಲೂ ಇದೇ ಪ್ರಶ್ನೆ ಕೇಳಿ: ಇದು ರೋಡೊಕಾಕಸ್ ವಿರುದ್ಧ ತಯಾರಿಸಿದ್ದೋ, ಐಜಿಜಿ ಏರಿಸಲು ಮಾತ್ರ ಇರುವುದೋ? ಎರಡೂ ಚೀಲ ನೋಡಲು ಒಂದೇ ಥರ ಇರುತ್ತವೆ.

ಎರಡನೆಯ ಡಾಕ್ಟರರ ಸಲಹೆಗೆ ಬರೋಣ. ಎಲ್ಲ ಮರಿಗೂ ಹುಟ್ಟಿದಾಗಿನಿಂದ ಅಜಿತ್ರೋಮೈಸಿನ್ ಕೊಟ್ಟರೆ ನ್ಯುಮೋನಿಯಾ ಕಡಿಮೆಯಾಗುತ್ತದೆ ಅಂತ ತೋರಿಸಿದ ಪ್ರಯೋಗ ಇದೆ. ಆದರೂ ನಾನು ಬೇಡ ಅನ್ನುತ್ತೇನೆ. ಈ ಕಾಯಿಲೆಗೆ ನಮ್ಮ ಕೈಲಿರುವ ಮುಖ್ಯ ಔಷಧಿ ಅಂದರೆ ಅಜಿತ್ರೋಮೈಸಿನ್, ಕ್ಲಾರಿತ್ರೋಮೈಸಿನ್‌ನಂಥ ಒಂದು ಗುಂಪು, ಜೊತೆಗೆ ರಿಫಾಂಪಿಸಿನ್. ಅಷ್ಟೇ. ಅಮೆರಿಕದ ಕೆಂಟಕಿಯ ಫಾರಂಗಳಲ್ಲಿ ಸ್ಕ್ಯಾನ್‌ನಲ್ಲಿ ಚಿಕ್ಕ ಚುಕ್ಕೆ ಕಂಡ ಮರಿಗಳಿಗೆಲ್ಲ ಇವನ್ನು ವರ್ಷಗಟ್ಟಲೆ ಕೊಟ್ಟರು. ಎರಡಕ್ಕೂ ಬಗ್ಗದ ತಳಿಗಳು ಈಗ ಅಲ್ಲಿನ ಮಣ್ಣಿನಲ್ಲೇ ಇವೆ. ಅಂಥ ತಳಿ ತಗಲಿದ ಮರಿ ಬದುಕುವುದು ಕಷ್ಟ. ಇನ್ನೊಂದು ವಿಷಯ. ಈ ಗುಂಪಿನ ಔಷಧಿ, ಅದರಲ್ಲೂ ಎರಿತ್ರೋಮೈಸಿನ್, ಮರಿಯ ಬೆವರುವ ಶಕ್ತಿಯನ್ನೇ ಕುಗ್ಗಿಸುತ್ತದೆ. ಬಿಸಿಲಲ್ಲಿ ಬಿಟ್ಟರೆ ಮೈ ಬಿಸಿ ವಿಪರೀತ ಏರುತ್ತದೆ. ಔಷಧಿ ತಿಂದ ಮರಿಯ ಲದ್ದಿಗೆ ತಾಯಿ ಕುದುರೆ ಬಾಯಿ ಹಾಕಿದರೆ ತಾಯಿಗೆ ಪ್ರಾಣಕ್ಕೇ ಅಪಾಯವಾಗುವ ಭೇದಿ ಬರಬಹುದು. ಕಾಯಿಲೆ ಇರುವ ಮರಿಗೆ ಈ ಅಪಾಯ ತೆಗೆದುಕೊಳ್ಳಲೇಬೇಕು. ಹುಷಾರಾಗಿರುವ 14 ಮರಿಗೆ ಯಾಕೆ?

ಪ್ಲಾಸ್ಮಾ ಕೊಟ್ಟ ಮೇಲೆ ನಿಶ್ಚಿಂತೆಯಿಂದ ಕೂರುವ ಹಾಗಿಲ್ಲ. ಮೂರನೇ ವಾರದಿಂದ ಎರಡು ವಾರಕ್ಕೊಮ್ಮೆ ಎದೆಯ ಅಲ್ಟ್ರಾಸೌಂಡ್ ಮಾಡಿಸಿ, ಸಾಧ್ಯವಾದರೆ ವಾರಕ್ಕೊಮ್ಮೆ. ಚಿಕ್ಕ ಗಡ್ಡೆ ಕಂಡ ಮರಿಗಳಲ್ಲಿ ಬಹಳಷ್ಟು ಯಾವ ಔಷಧಿಯೂ ಇಲ್ಲದೆ ತಾವೇ ಗುಣವಾಗುತ್ತವೆ. ಗಡ್ಡೆ ಕಂಡ ಕೂಡಲೇ ಔಷಧಿ ಅಂತ ಹಟ ಬೇಡ. ಅದು ಬೆಳೆಯುತ್ತಿದೆಯಾ, ಜ್ವರ ಇದೆಯಾ, ರಕ್ತದಲ್ಲಿ ಬಿಳಿ ಕಣ ಏರಿದೆಯಾ ಅಂತ ನೋಡಿ ನಿಮ್ಮ ಡಾಕ್ಟರು ತೀರ್ಮಾನಿಸಲಿ.

ದಿನಾ ನೋಡುವ ಕೆಲಸ ನಿಮ್ಮದು, ನಿಮ್ಮ ಕುದುರೆ ಹುಡುಗರದು. ಮರಿ ಮಲಗಿರುವಾಗ ಹತ್ತಿರ ಹೋಗದೆ ದೂರದಿಂದ ಪಕ್ಕೆ ನೋಡಿ. ಉಸಿರು ಬಿಡುವಾಗ ಹೊಟ್ಟೆಯ ಅಂಚಿನಲ್ಲಿ ಒಂದು ಗೆರೆ ಎದ್ದು ಕಾಣುತ್ತಿದೆಯಾ? ಮೂಗಿನ ಹೊಳ್ಳೆ ಅರಳುತ್ತಿದೆಯಾ? ಬೆಳಿಗ್ಗೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ, 39 ಡಿಗ್ರಿ ದಾಟಿದರೆ ಫೋನ್ ಮಾಡಿ. ಕೆಮ್ಮಿಗಾಗಿ ಕಾಯಬೇಡಿ. ಈ ಕಾಯಿಲೆಯ ಮರಿ ಹಾಲು ಕುಡಿಯುತ್ತಾ, ಆಡುತ್ತಾ ಇರುವಾಗಲೇ ಶ್ವಾಸಕೋಶ ಅರ್ಧ ಹಾಳಾಗಿರುತ್ತದೆ. ಕೀಲುಗಳು ಊದಿಕೊಂಡರೆ ಅದೂ ಇದರದೇ ಸುಳಿವು ಇರಬಹುದು, ಒದೆ ಬಿದ್ದದ್ದು ಅಂತ ಎಣ್ಣೆ ತಿಕ್ಕಿ ಸುಮ್ಮನಾಗಬೇಡಿ.

ಇನ್ನು ಧೂಳು. ಮರಿ ಇರುವ ಪ್ಯಾಡಕ್‌ನಲ್ಲಿ ಹುಲ್ಲಿಲ್ಲದ ಬೋಳು ಜಾಗ ಎಲ್ಲಿದೆ ನೋಡಿ. ಸಾಮಾನ್ಯವಾಗಿ ಗೇಟಿನ ಬಳಿ, ನೀರಿನ ತೊಟ್ಟಿಯ ಸುತ್ತ. ಅಲ್ಲಿಗೆ ದಿನಾ ನೀರು ಚಿಮುಕಿಸಿ, ಆಗದಿದ್ದರೆ ಬೇಲಿ ಹಾಕಿ. ಒಂದೇ ಕಡೆ ಹತ್ತಾರು ತಾಯಿ-ಮರಿ ತುಂಬಬೇಡಿ. ಲದ್ದಿ ಎತ್ತಿಸಿ. ಲಾಯ ಗುಡಿಸುವಾಗ ಮರಿ ಒಳಗಿರಬಾರದು. ಕಳೆದ ವರ್ಷ ಕಾಯಿಲೆ ಮರಿಗಳಿದ್ದ ಜಾಗವನ್ನು ಈ ವರ್ಷದ ಎಳೆ ಮರಿಗಳಿಗೆ ಕೊಡಬೇಡಿ, ದೊಡ್ಡ ಕುದುರೆಗಳನ್ನು ಬಿಡಿ. ಇಷ್ಟು ಮಾಡಿದರೂ ಬ್ಯಾಕ್ಟೀರಿಯಾ ಪೂರ್ತಿ ಹೋಗುವುದಿಲ್ಲ. ಮರಿ ಒಂದು ಉಸಿರಿಗೆ ಎಳೆದುಕೊಳ್ಳುವ ಪ್ರಮಾಣ ಇಳಿದರೆ, ಕೊಟ್ಟ ಪ್ಲಾಸ್ಮಾ ಅಷ್ಟನ್ನು ನಿಭಾಯಿಸುವ ಅವಕಾಶ ಹೆಚ್ಚುತ್ತದೆ.

ಬದುಕಿದ ಮೂರು ಮರಿಗಳ ಬಗ್ಗೆ ಕೇಳಿದ್ದೀರಿ. ಗುಣವಾದ ಮರಿಗಳನ್ನು ರೇಸ್‌ವರೆಗೆ ಹಿಂಬಾಲಿಸಿ ನೋಡಿದ್ದಾರೆ. ಟ್ರ್ಯಾಕ್‌ಗೆ ಇಳಿದವುಗಳ ಸಂಖ್ಯೆ ಇತರ ಕುದುರೆಗಳಿಗಿಂತ ಸ್ವಲ್ಪ ಕಡಿಮೆ ಇತ್ತು. ಆದರೆ ಇಳಿದವು ಓಟದಲ್ಲಿ ಬೇರೆಯವಕ್ಕಿಂತ ಹಿಂದೆ ಬೀಳಲಿಲ್ಲ. ತರಬೇತಿಗೆ ಹಾಕುವ ಮುಂಚೆ ಮೂರಕ್ಕೂ ಒಮ್ಮೆ ಎದೆಯ ಸ್ಕ್ಯಾನ್ ಮಾಡಿಸಿ. ಗಡ್ಡೆಯ ಗುರುತು ಮಾಸಿದ್ದರೆ ಉಳಿದ ಮರಿಗಳ ಜೊತೆಗೇ ಓಡಿಸಿ, ಅವಕ್ಕೆಂದು ಬೇರೆ ಲೆಕ್ಕ ಬೇಡ.